ಗಂಟಕ್ಕ ಬಚ್ಚಿಟ್ಟ ವಿಮಾನ

ಹರಿದ ಮೀನುಬಲೆಗಳಿಗೆ ಗಂಟು ಹಾಕುವ ಕೆಲಸದಿಂದ ತನಗೆ ಗಂಟಕ್ಕ ಎಂಬ ಹೆಸರು ಬಂತು ಎಂದು ಅವಳು ಹೇಳುತ್ತಿದ್ದಳು. ದೋಣಿಯವರನ್ನು ಕೇಳಿದರೆ, ಅದೆಲ್ಲ ಸುಳ್ಳು, ಸದಾ ಮುಖ ಗಂಟು ಹಾಕಿಕೊಂಡಿರುತ್ತಾಳಲ್ಲ, ಅದಕ್ಕೆ ಬಂದದ್ದು ಎನ್ನುತ್ತಿದ್ದರು. ಎರಡೂ ನಿಜವಿರಬೇಕು. ಗಂಡ ಹೋಗಿ ಒಂಬತ್ತು ವರ್ಷ, ಮಕ್ಕಳಿಲ್ಲ, ಮಾತಾಡಬೇಕೆಂದರೆ ಎದುರಿಗಿರುವುದು ಗೋಡೆ. ಅಂಥ ಮನೆಯಲ್ಲಿ ಒಬ್ಬಳೇ ಕೂತು ನಗುತ್ತಿದ್ದರೆ ಜನ ಇನ್ನೂ ಕೆಟ್ಟ ಹೆಸರು ಇಡುತ್ತಿದ್ದರು.

ಮನೆ ಇದ್ದದ್ದು ಸರೋವರದ ದೋಣಿಕಟ್ಟೆಯ ಹಿಂದಿನ ಬೀದಿಯಲ್ಲಿ. ಕೆಳಗೆ ಬಲೆಯ ಕೋಣೆ. ಈ ಗೋಡೆಯಿಂದ ಆ ಗೋಡೆಗೆ ಒಂದು ಕಬ್ಬಿಣದ ಸರಳು, ಅದರ ಮೇಲೆ ಜೋತುಬಿದ್ದ ಬಲೆ, ಕಿಟಕಿಯ ಪಕ್ಕ ಒಂದು ಕಾಲು ಗಿಡ್ಡವಾದ ಸ್ಟೂಲು, ಹಳೇ ಡಬ್ಬಿಯಲ್ಲಿ ಮರದ ಸೂಜಿಗಳು, ಮೂಲೆಯಲ್ಲಿ ಬೆಂಡುಗಳ ರಾಶಿ, ಬಕೆಟ್ಟಿನ ತುಂಬ ಸೀಸದ ಗುಂಡು. ಮೇಲೆ ಎರಡು ಕೋಣೆ. ಒಂದರಲ್ಲಿ ಅವಳು ಮಲಗುತ್ತಿದ್ದಳು. ಇನ್ನೊಂದಕ್ಕೆ ಬೀಗ ಹಾಕಿದ್ದಳು, ಯಾಕೆಂದರೆ ಬಾಗಿಲು ತೆರೆದಿದ್ದರೆ ಖಾಲಿ ಕೋಣೆಯನ್ನು ದಿನಾ ನೋಡಿಕೊಂಡು ಹೋಗಬೇಕಾಗುತ್ತದೆ.

ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹರುಕು ನೋಡಿದರೆ ಸಾಕು, ನೀರಿನ ತಳದಲ್ಲಿ ಬಲೆ ಯಾವುದಕ್ಕೆ ಸಿಕ್ಕಿಕೊಂಡಿತ್ತೆಂದು ಹೇಳಿಬಿಡುತ್ತಿದ್ದಳು. ಬಂಡೆಗೆ ಸಿಕ್ಕಿದರೆ ದಾರ ಸವೆದು ಜೂಲುಜೂಲಾಗಿರುತ್ತದೆ. ಮರದ ದಿಮ್ಮಿಗೆ ಸಿಕ್ಕಿದರೆ ಉದ್ದಕ್ಕೆ ಸೀಳಿಕೊಂಡು, ಬಲೆಯ ಕಣ್ಣುಗಳಲ್ಲಿ ಕೊಳೆತ ತೊಗಟೆ ಉಳಿದಿರುತ್ತದೆ. ಲೋಹವಾದರೆ ಕತ್ತರಿ ಇಟ್ಟ ಹಾಗೆ ನೀಟಾಗಿ ಕಡಿದಿರುತ್ತದೆ. ಎಲ್ಲಿ ಹರಿಯಿತೆಂಬುದನ್ನು ದೋಣಿಯವರೇ ಬಯ್ದುಕೊಳ್ಳುತ್ತಾ ಹೇಳಿಬಿಡುತ್ತಿದ್ದರು. ಆದರೆ ಒಂದು ದೋಣಿಯ ಬಲೆ ಹರಿದ ಜಾಗವನ್ನು ದುರಸ್ತಿಯವಳು ಇನ್ನೊಬ್ಬರಿಗೆ ಹೇಳಬಾರದು. ಅದು ಆ ಕಸುಬಿನ ಕಟ್ಟುಪಾಡು. ತಳದಲ್ಲಿ ಏನಾದರೂ ಬಿದ್ದಿರುವ ಕಡೆಯೇ ಮೀನು ಸೇರುವುದು, ಅಂಥ ಜಾಗ ಗೊತ್ತಿದ್ದವನ ಹೊಟ್ಟೆ ತುಂಬುವುದು. ಹಾಗಾಗಿ ಗಂಟಕ್ಕ ಮೂವತ್ತೈದು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಬದುಕಿದ್ದಳು. ಮೊದಮೊದಲು ಕಟ್ಟುಪಾಡಿಗೆ ಹಾಕಿದ ಬೀಗ, ಆಮೇಲೆ ತೆಗೆಯಬೇಕಾದ ಕಡೆಯೂ ತೆಗೆಯಲು ಬರದಂತಾಯಿತು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ, ಕ್ರೇನು ಹೊತ್ತ ಚಪ್ಪಟೆ ದೋಣಿಯೊಂದು ಬಂದು ಕಟ್ಟೆಗೆ ನಿಂತಿತು. ಯುದ್ಧದ ಕಾಲದಲ್ಲಿ ಆ ಸರೋವರದ ಮೇಲೆ ಹುಡುಗರಿಗೆ ವಿಮಾನ ಕಲಿಸುತ್ತಿದ್ದರು. ಪ್ರಯಾಣಿಕರ ಹಳೇ ಹಡಗೊಂದರ ತಲೆ ಬೋಳಿಸಿ, ಮೇಲೆ ಹಲಗೆ ಹಾಸಿ, ಇದರ ಮೇಲೆ ಇಳಿಯಿರಿ ಎನ್ನುತ್ತಿದ್ದರು. ಇಳಿದವರು ಯುದ್ಧಕ್ಕೆ ಹೋದರು, ಇಳಿಯಲಾರದವರು ನೀರಿಗೆ ಹೋದರು. ಯುದ್ಧ ಮುಗಿದ ಮೇಲೆ ಮುಳುಗಿದ ವಿಮಾನಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಲವತ್ತಮೂರು ವರ್ಷ ಕಳೆದ ಮೇಲೆ ಒಂದು ವಸ್ತುಸಂಗ್ರಹಾಲಯಕ್ಕೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ತಣ್ಣನೆಯ ಸಿಹಿನೀರಿನಲ್ಲಿ ಅವು ಇನ್ನೂ ಗಟ್ಟಿಮುಟ್ಟಾಗಿರಬಹುದು, ಎತ್ತಿ ತಂದು ಬಣ್ಣ ಬಳಿದು ನಿಲ್ಲಿಸಬಹುದು ಎಂದು ಅದು ಜನರನ್ನು ಕಳಿಸಿತು.

ಅವರ ಮುಖ್ಯಸ್ಥ ಗಡ್ಡ ಬಿಟ್ಟ ಒಬ್ಬ ಮುಳುಗುಗಾರ. ಬಂದ ದಿನವೇ ದೋಣಿಯವರನ್ನೆಲ್ಲ ವಿಚಾರಿಸಿ, ಕೊನೆಗೆ ಬಲೆಯ ಕೋಣೆಯ ಬಾಗಿಲಿಗೆ ಬಂದು ನಿಂತ.

“ಅಮ್ಮಾ, ಒಂದೇ ಕಡೆ ಪದೇ ಪದೇ ಬಲೆ ಹರಿಯೋದುಂಟಾ? ಲೋಹಕ್ಕೆ ಸಿಕ್ಕಿದ ಹಾಗೆ?”

“ನಾನು ದಡದವಳಪ್ಪ. ನೀರಿನ ಸುದ್ದಿ ನೀರಿನವರನ್ನ ಕೇಳು,” ಎಂದಳು ಗಂಟಕ್ಕ, ಸೂಜಿಯಿಂದ ತಲೆ ಎತ್ತದೆ.

ಹಸಿ ಸುಳ್ಳು. ಹದಿನೇಳು ವರ್ಷಗಳ ಹಿಂದೆ ಅವಳ ಗಂಡನ ಬಲೆಯೇ ಅಂಗೈಯಗಲದ ಒಂದು ತಗಡನ್ನು ಎತ್ತಿ ತಂದಿತ್ತು. ಸಾಲಾಗಿ ಬಡಿದ ಮೊಳೆಗಳು, ಇನ್ನೂ ಮಾಸದ ಹಳದಿ ಬಣ್ಣ. ದೋಣಿಯಿಂದ ದಡದ ಕಡೆ ನೋಡಿದರೆ ನೀರಿನ ತೊಟ್ಟಿ ಕಾರ್ಖಾನೆಯ ಚಿಮಣಿಯ ಹಿಂದೆ ಪೂರ್ತಿ ಮರೆಯಾಗಬೇಕು, ಮಂಜುಗಡ್ಡೆ ಗೋದಾಮಿನ ಗೋಡೆ ಕಟ್ಟೆಯ ದೀಪದ ಕಂಬಕ್ಕೆ ನೇರ ಬರಬೇಕು, ಆ ಎರಡು ಗೆರೆ ಕೂಡುವ ಕಡೆ ವಿಮಾನ ಬಿದ್ದಿದೆ ಎಂದು ಗಂಡ ಹೇಳಿದ್ದ. ಈಗ ಗಂಡನೂ ಇಲ್ಲ, ಆ ದೋಣಿಯೂ ಇಲ್ಲ. ಹೇಳಿದರೆ ಯಾರ ಹೊಟ್ಟೆಗೂ ಹೊಡೆತವಿರಲಿಲ್ಲ. ಆದರೂ ಮೊದಲ ದಿನದ ಸುಳ್ಳನ್ನು ಅಭ್ಯಾಸಬಲ ಎಂದು ಕ್ಷಮಿಸಬಹುದು.

ಅದೇ ದಿನ ಸಂಜೆ ಮುಳುಗುಗಾರ ಮತ್ತೆ ಬಂದ. ಜೊತೆಯಲ್ಲಿ ಚಿಕ್ಕ ಪೆಟ್ಟಿಗೆ ಹಿಡಿದ, ನೆಟ್ಟಗೆ ನಿಂತ ಒಬ್ಬ ಹೆಂಗಸು. ವಯಸ್ಸು ಅರವತ್ತೇಳು, ಗಂಟಕ್ಕನಿಗಿಂತ ಏಳು ವರ್ಷ ದೊಡ್ಡವಳು. ಅವಳ ತಮ್ಮ ಇಲ್ಲೇ ವಿಮಾನದೊಂದಿಗೆ ಮುಳುಗಿದವನು, ದಾಖಲೆಯ ಪ್ರಕಾರ ಈ ಊರಿನೆದುರು ಬಿದ್ದದ್ದು ಆ ಒಂದೇ ವಿಮಾನ. ಹುಡುಕುವ ಸುದ್ದಿ ತಿಳಿದು ದೂರದಿಂದ ಬಂದಿದ್ದಾಳೆ, ಬೇಸಿಗೆಯ ಪ್ರವಾಸಿಗರು ಹೋದ ಮೇಲೆ ಹೋಟೆಲುಗಳು ಮುಚ್ಚಿವೆ, ಕೆಲಸ ಮುಗಿಯುವವರೆಗೆ ಒಂದು ಕೋಣೆ ಸಿಗಬಹುದೇ ಎಂದು ಕೇಳಿದ. ಗಂಟಕ್ಕ ಬೀಗದ ಕೈ ಹುಡುಕಲು ಹೋದಳು. ಅದು ಸಿಗಲು ಅರ್ಧ ಗಂಟೆ ಬೇಕಾಯಿತು.

ಬಂದವಳು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಒಬ್ಬರಿಂದೊಬ್ಬರಿಗೆ ಜೋಡಿಸಿದವಳು. ಮದುವೆಯಾಗಿರಲಿಲ್ಲ. ತನ್ನ ಮಾತಿಗಾಗಿ ಕಾದು ಕೂತವರು ಯಾರೂ ಇರಲಿಲ್ಲವೆಂದು ತಾನೇ ನಗುತ್ತಾ ಹೇಳುತ್ತಿದ್ದಳು. ಗಂಟಕ್ಕ ಅವಳನ್ನು ಅಕ್ಕಾ ಎಂದಳು. ಒಂದು ವಾರದಲ್ಲಿ ಅಕ್ಕ, ಖಾಲಿಯಾದ ಸೂಜಿಗಳಿಗೆ ದಾರ ಸುತ್ತಿ ಕೊಡುವುದನ್ನು ಕಲಿತಳು. ಅಡುಗೆಮನೆಯಿಂದ ಮೂಗಿನಲ್ಲಿ ರಾಗ ಎಳೆದು, “ಹಲೋ, ಬಲೆಯ ಕೋಣೆನಾ? ಲೈನಿನಲ್ಲೇ ಇರಿ, ಚಹಾ ಬರ್ತಾ ಇದೆ,” ಎನ್ನುತ್ತಿದ್ದಳು. ಗಂಟಕ್ಕ ಕೈಯಲ್ಲಿದ್ದ ಗಂಟು ತಪ್ಪಿಸಿಕೊಂಡು ನಗುತ್ತಿದ್ದಳು. ಎದುರುಮನೆಯ ದರ್ಜಿ ಹೆಂಗಸು ಒಂದು ದಿನ ಕಿಟಕಿಯಿಂದ ಇಣುಕಿ ಕೇಳಿಯೇಬಿಟ್ಟಳು.

“ಏನ್ರೀ, ನಿಮ್ಮನೆಯಿಂದ ನಗು ಕೇಳಿಸ್ತಲ್ಲ, ರೇಡಿಯೋ ತಗೊಂಡ್ರಾ?”

ದಿನಾ ಬೆಳಿಗ್ಗೆ ಅಕ್ಕ ಕಟ್ಟೆಗೆ ಹೋಗುತ್ತಿದ್ದಳು. ಮುಳುಗುಗಾರನ ದೋಣಿ ಸದ್ದಿನಲೆ ಬಿಟ್ಟು ತಳ ನೋಡುವ ಯಂತ್ರವನ್ನು ಎಳೆದುಕೊಂಡು, ಉಳುಮೆಯ ಸಾಲಿನ ಹಾಗೆ ನೀರಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಸಂಜೆ ಅಕ್ಕ ಒಳಗೆ ಬಂದು, “ಇವತ್ತೂ ಇಲ್ಲ ಕಣೇ,” ಎಂದು ಕೂತುಬಿಡುತ್ತಿದ್ದಳು. ಪಾಪ ಎಂದು ಗಂಟಕ್ಕ ಬಾಯಲ್ಲಿ ಅನ್ನುತ್ತಿದ್ದಳು. ಆದರೆ ಆ ಮಾತು ಕೇಳಿದ ತಕ್ಷಣ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ನಾಳೆಯೂ ಎರಡು ಲೋಟ ತೊಳೆಯಬಹುದು ಎಂಬ ಖುಷಿ. ಅದರ ಹಿಂದೆಯೇ ನಾಚಿಕೆಯೂ ಆಗುತ್ತಿತ್ತು. ಜಾಗ ಹೇಳಿದರೆ ವಿಮಾನ ಸಿಗುತ್ತದೆ, ವಿಮಾನ ಸಿಕ್ಕಿದರೆ ಅಕ್ಕ ಹೋಗುತ್ತಾಳೆ. ಮಾತು ನಾಲಗೆಯ ತುದಿಗೆ ಬಂದಾಗಲೆಲ್ಲ ಗಂಟಕ್ಕ ಕಸುಬಿನ ಕಟ್ಟುಪಾಡನ್ನು ನೆನಪಿಸಿಕೊಂಡು, ಅದರ ಮರೆಯಲ್ಲಿ ಅವಿತುಕೊಳ್ಳುತ್ತಿದ್ದಳು.

ಮೂರನೇ ವಾರ ಮುಳುಗುಗಾರ ಮತ್ತೊಮ್ಮೆ ಕೇಳಲು ಬಂದ. ಆಗ ಅವಳು ಮಾಡಿದ್ದನ್ನು ಮಾತ್ರ ಯಾವ ಅಭ್ಯಾಸದ ತಲೆಗೂ ಕಟ್ಟುವಂತಿಲ್ಲ. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಸುಮ್ಮನಿದ್ದರೆ ಅನುಮಾನ ಬರುತ್ತದೆಂದು ಗಂಟಕ್ಕ ತೆಂಕಣ ದಡದ ಹತ್ತಿರದ ಒಂದು ಜಾಗ ಹೇಳಿದಳು. ಅಲ್ಲಿ ಬಲೆ ಹರಿಯುವುದು ನಿಜ. ಹರಿಯುವುದು ದಿಮ್ಮಿಗೆ ಎಂದೂ ಅವಳಿಗೆ ಗೊತ್ತಿತ್ತು. ಎರಡು ದಿನ ಮುಳುಗಿ ಎದ್ದು ಅವರು ಮೇಲೆ ತಂದದ್ದು ಒಂದು ಕೊಳೆತ ಮರ. ಆ ಎರಡು ದಿನವೂ ಅಕ್ಕ ಚಳಿಗಾಳಿಯಲ್ಲಿ ಕಟ್ಟೆಯ ಮೇಲೆ ನಿಂತಿದ್ದಳು. ಕೆಮ್ಮು ಹಿಡಿಯಿತು. ಗಂಟಕ್ಕ ಬಿಸಿನೀರು ಕಾಯಿಸಿ ಕೊಟ್ಟು ಆರೈಕೆ ಮಾಡಿದಳು, ಅದನ್ನೂ ಅಕ್ಕ ದೊಡ್ಡ ಉಪಕಾರವೆಂದು ಹೊಗಳಿದಳು.

ಆಮೇಲೆ ಗಾಳಿ ಜೋರಾಯಿತು. ಶನಿವಾರ ಕ್ರೇನು ಹೊರಡುತ್ತದೆ, ಮತ್ತೆ ಬರುವುದಿಲ್ಲ ಎಂಬ ಸುದ್ದಿ ಬಂತು. ಅದು ಅಕ್ಕ ಬಂದ ಇಪ್ಪತ್ತನಾಲ್ಕನೇ ದಿನ, ಬುಧವಾರ. ಮಧ್ಯಾಹ್ನ ಅಕ್ಕ ಸೂಜಿಗೆ ದಾರ ಸುತ್ತುತ್ತಾ ಇದ್ದಕ್ಕಿದ್ದಂತೆ ಮಾತು ತೆಗೆದಳು.

“ತಮ್ಮನಿಗೆ ಹದಿನೆಂಟು ತುಂಬಿರಲಿಲ್ಲ. ಸೈನ್ಯಕ್ಕೆ ಸೇರಬೇಕಾದರೆ ಮನೆಯ ದೊಡ್ಡವರು ಯಾರಾದರೂ ಸಹಿ ಹಾಕಬೇಕಿತ್ತು. ಅಪ್ಪ ಸುತರಾಂ ಒಪ್ಪಲಿಲ್ಲ. ನನ್ನ ಬೆನ್ನು ಬಿದ್ದ. ನಾನು ಹಾಕಿಬಿಟ್ಟೆ.”

ಗಂಟಕ್ಕ ಸೂಜಿ ಕೆಳಗಿಟ್ಟಳು.

“ತಂತಿ ಬಂದ ದಿನದಿಂದ ಅಪ್ಪ ನನ್ನ ಹತ್ತಿರ ಮಾತು ಬಿಟ್ಟರು. ಹನ್ನೆರಡು ವರ್ಷ, ಸಾಯೋವರೆಗೂ. ಅದು ಹೋಗಲಿ. ವಿಮಾನದಲ್ಲಿ ತಲೆ ಮೇಲೆ ಗಾಜಿನ ಮುಚ್ಚಳ ಇರುತ್ತಂತೆ. ಅದು ತೆಗೆಯಲು ಬರದೆ ಅವನು ಒಳಗಿಂದ ಬಡೀತಾ ಇರೋ ಹಾಗೆ ನನಗೆ ದಿನಾ ಕಾಣುತ್ತೆ, ಗಂಟಕ್ಕಾ. ನಲವತ್ತಮೂರು ವರ್ಷದಿಂದ. ಆ ಮುಚ್ಚಳ ತೆರೆದಿತ್ತಾ, ಮುಚ್ಚಿತ್ತಾ, ಅಷ್ಟು ನೋಡಿದರೆ ಸಾಕು. ಅವನ ಮೂಳೆ ಬೇಕು ಅಂತಲೂ ನಾನು ಬಂದಿಲ್ಲ.”

ಗಂಟಕ್ಕ ಎದ್ದು ಹೋಗಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ, ಎದುರಿಗೆ ಹೇಳುವ ಧೈರ್ಯ ಬರಲಿಲ್ಲ. ಮರುದಿನ ಅಕ್ಕ ಏಳುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಕಟ್ಟೆಗೆ ಓಡಿದಳು. ತೊಟ್ಟಿ, ಚಿಮಣಿ, ಗೋದಾಮಿನ ಗೋಡೆ, ದೀಪದ ಕಂಬ, ನಾಲ್ಕನ್ನೂ ಕೈ ತೋರಿಸಿ ಹೇಳಿದಳು. ಮುಳುಗುಗಾರ ಅವಳನ್ನೇ ನೋಡಿದ.

“ಇದು ನಿಮಗೆ ಯಾವಾಗಿಂದ ಗೊತ್ತು?”

“ನಮ್ಮ ಯಜಮಾನರ ಕಾಲದ್ದು. ಮೊದಲು ಹೋಗಿ ನೋಡಪ್ಪ.”

ನಲವತ್ತು ನಿಮಿಷದಲ್ಲಿ ಸಿಕ್ಕಿತು. ಶುಕ್ರವಾರ ಎತ್ತಿದರು. ಅರ್ಧ ಊರು ಕಟ್ಟೆಗೆ ಬಂದಿತ್ತು. ಕ್ರೇನಿನ ಹಗ್ಗ ಬಿಗಿಯಾಗಿ, ಮೊದಲು ಬಾಲ, ಆಮೇಲೆ ಹಳದಿ ರೆಕ್ಕೆ, ಆಮೇಲೆ ಮೈಯೆಲ್ಲ ಮೇಲೆ ಬಂತು. ಎಲ್ಲ ಸಂದಿಗಳಿಂದಲೂ ಕೆಸರುನೀರು ಧೋ ಎಂದು ಸುರಿಯಿತು. ಜನ ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ ಗಂಟಕ್ಕನ ಕೈಯನ್ನು ಮೂಳೆ ನೋಯುವಷ್ಟು ಹಿಡಿದು ನಿಂತಿದ್ದಳು.

ಗಾಜಿನ ಮುಚ್ಚಳ ಹಿಂದಕ್ಕೆ ಸರಿದಿತ್ತು, ಪೂರ್ತಿಯಾಗಿ. ಮುಳುಗುಗಾರ ಏಣಿ ಹತ್ತಿ ಒಳಗೆ ಕೈಯಾಡಿಸಿ ನೋಡಿ ಇಳಿದು ಬಂದ. ಸೀಟು ಖಾಲಿ ಎಂದ. ಸೀಟಿಗೆ ಬಿಗಿಯುವ ಪಟ್ಟಿಗಳನ್ನು ಯಾರೋ ಬಿಚ್ಚಿದ್ದಾರೆ, ಹರಿದಿಲ್ಲ, ಬಿಚ್ಚಿದ್ದೇ ಎಂದ. ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ದಡ ದೂರ, ಈಜಲು ಆಗಿರಲಿಕ್ಕಿಲ್ಲ ಎಂದೂ ಮೆಲ್ಲಗೆ ಸೇರಿಸಿದ. ಅಷ್ಟು ಅಕ್ಕನ ಕಿವಿಗೆ ಬಿತ್ತೋ ಇಲ್ಲವೋ.

“ಹೊರಗೆ ಬಂದಿದ್ದ ಕಣೇ!” ಎಂದು ಗಂಟಕ್ಕನನ್ನು ತಬ್ಬಿಕೊಂಡಳು. “ಒಳಗೆ ಸಿಕ್ಕಿಕೊಂಡಿರಲಿಲ್ಲ. ಹೊರಗೆ ಬಂದು ಆಕಾಶ ನೋಡಿದ್ದಾನೆ.” ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಗಂಟಕ್ಕನೂ ಅತ್ತಳು.

ಮುಳುಗುಗಾರ ಒಳ್ಳೆಯವನು, ಪರರ ಉಪಕಾರ ಮರೆಯುವವನಲ್ಲ. ಅದೇ ತಪ್ಪಾಯಿತು. “ಈ ಅಮ್ಮನಿಗೆ ಹೇಳಿ ಥ್ಯಾಂಕ್ಸು,” ಎಂದ. “ಇವರ ಯಜಮಾನರ ಕಾಲದಿಂದ ಗೊತ್ತಿದ್ದ ಜಾಗವಂತೆ. ನಿನ್ನೆ ಬಂದು ಹೇಳದಿದ್ದರೆ ನಾಳೆ ಬರಿಗೈಲಿ ಹೋಗ್ತಿದ್ವಿ.”

ಅಕ್ಕನ ತೋಳು ನಿಧಾನವಾಗಿ ಸಡಿಲವಾಯಿತು. ಇಬ್ಬರೂ ಮನೆಗೆ ನಡೆದರು. ಬಲೆಯ ಕೋಣೆಯಲ್ಲಿ ನಿಂತು ಅಕ್ಕ ಕೇಳಿದಳು.

“ನಾನು ಬಂದ ದಿನವೇ ಗೊತ್ತಿತ್ತಾ?”

“ಗೊತ್ತಿತ್ತು.”

“ಆ ಮರದ ದಿಮ್ಮಿ?”

“ಅದೂ ಗೊತ್ತಿತ್ತು.”

“ಯಾಕೆ?”

ಕಟ್ಟುಪಾಡು ಎಂಬ ಮಾತು ಬಾಯಿಗೆ ಬಂತು. ಗಂಟಕ್ಕ ಅದನ್ನು ನುಂಗಿಕೊಂಡಳು. “ವಿಮಾನ ಸಿಕ್ಕಿದ್ರೆ ನೀವು ಹೊರಟುಬಿಡ್ತಿದ್ರಿ,” ಎಂದಳು.

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಗಂಟಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ಮೇಲೆ ಹೋಗಿ ಬಟ್ಟೆ ಮಡಚಿ ಪೆಟ್ಟಿಗೆಗೆ ಹಾಕಿದಳು, ಹಾಸಿಗೆ ಸರಿಮಾಡಿದಳು, ಕುಡಿದ ಲೋಟವನ್ನು ತೊಳೆದು ಬೋರಲು ಹಾಕಿದಳು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ನಿಲ್ದಾಣದಲ್ಲೇ ಕೂರುತ್ತೇನೆಂದು ಹೊರಟಳು. ಗಂಟಕ್ಕ ನಾಲ್ಕು ಹೆಜ್ಜೆ ಹಿಂದೆ ನಡೆದಳು. ನಿಲ್ದಾಣದ ಬೆಂಚಿನ ಮೇಲೆ ಒಂದು ತುದಿಗೆ ಒಬ್ಬಳು, ಇನ್ನೊಂದು ತುದಿಗೆ ಇನ್ನೊಬ್ಬಳು ಕೂತರು. ಬಸ್ಸು ಬಂತು. ಕಾಲು ಮೆಟ್ಟಿಲ ಮೇಲಿಟ್ಟ ಅಕ್ಕ ತಿರುಗಿದಳು.

“ಅಲ್ಲಿ ನನಗೆ ಯಾರಿದ್ದಾರೆ ಅಂದುಕೊಂಡೆ? ಒಂದು ಕೋಣೆ, ಒಂದು ಒಲೆ. ನಿನಗಾದರೂ ಬಲೆಯವರು ಬಂದು ಹೋಗ್ತಾರೆ. ವಿಮಾನ ಸಿಕ್ಕಿದ ಮೇಲೂ ಇರಿ ಅಂತ ಒಂದು ಮಾತು ಕೇಳಿದ್ರೆ ಇದ್ದುಬಿಡ್ತಿದ್ದೆ.”

“ಈಗ ಕೇಳ್ತೀನಿ ಅಕ್ಕಾ. ಇರಿ.”

“ಈಗಾಗಲ್ಲ,” ಎಂದಳು ಅಕ್ಕ. “ನಾನು ದಿನಾ ಸಂಜೆ ನಿನ್ನೆದುರಿಗೆ ಬಂದು ಕೂರ್ತಿದ್ದೆ. ಅವನು ಗಾಜು ಬಡೀತಾನೇ ಇದ್ದ. ನೀನು ನನಗೆ ಚಹಾ ಕೊಡ್ತಿದ್ದೆ.”

ಬಾಗಿಲು ಮುಚ್ಚಿತು. ಗಂಡ ಸತ್ತ ಮೇಲೆ ಯಾರ ಮುಂದೆಯೂ ಬಾಯಿಬಿಟ್ಟು ಏನನ್ನೂ ಕೇಳದಿದ್ದ ಗಂಟಕ್ಕ, ಬಸ್ಸಿನ ಪಕ್ಕದಲ್ಲಿ ನಡೆಯುತ್ತಾ, ಇರಿ ಅಕ್ಕಾ, ಇರಿ ಎಂದು ಮತ್ತೆರಡು ಸಲ ಕೇಳಿದಳು. ಇಂಜಿನ್ನಿನ ಸದ್ದಿನಲ್ಲಿ ಅದು ಒಳಗೆ ಕೂತವರಿಗೆ ಕೇಳಿಸಲಿಲ್ಲ.