ವಾಂತಿ ನಿಂತ ಬೆಳಗ್ಗೆ

ಬೇಕರಿಯಲ್ಲಿ ಎಲ್ಲರೂ ಅವಳನ್ನು ಹಿಟ್ಟಕ್ಕ ಎಂದೇ ಕರೆಯುತ್ತಿದ್ದರು. ಟ್ರೇ ಉಜ್ಜಲು ಸೇರಿದವಳು ಹಿಟ್ಟು ನಾದುವ ಮೇಜಿನವರೆಗೆ ಬಂದಿದ್ದಳು. ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಹಿಟ್ಟು ಹದಕ್ಕೆ ಬಂದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಆದರೆ ಬಸಿರಾದ ಮೇಲೆ ಆ ಉಬ್ಬಿದ ಹಿಟ್ಟಿನ ವಾಸನೆಯೇ ಹಗೆಯಾಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾದುವುದು, ಹಿಂಬಾಗಿಲ ಮೋರಿಗೆ ಓಡುವುದು, ಬಾಯಿ ಮುಕ್ಕಳಿಸಿ ಬಂದು ಮತ್ತೆ ನಾದುವುದು.

"ಇವತ್ತು ಎಷ್ಟನೇ ಟ್ರಿಪ್ಪಮ್ಮ?" ಎಂದು ಒಲೆ ನೋಡಿಕೊಳ್ಳುವ ಹಿರಿಯ ರೇಗಿಸುತ್ತಿದ್ದ.

"ನಿಮ್ಮ ಕರಕಲು ಬನ್ನು ನೋಡಿದ್ರೆ ಯಾರಿಗಾದ್ರೂ ಬರುತ್ತಣ್ಣ!"

ಹಾಗೆಂದು ನಗುತ್ತಿದ್ದಳು, ಒಳಗೊಳಗೆ ಆ ವಾಂತಿಗೆ ಕೈ ಮುಗಿಯುತ್ತಿದ್ದಳು. ಹಿಂದಿನ ಸಲ ಎರಡನೇ ತಿಂಗಳಲ್ಲೇ ವಾಂತಿ ತಟ್ಟನೆ ನಿಂತಿತ್ತು. ಅದರ ಬೆನ್ನಿಗೇ ಬಸಿರು ಇಳಿದುಹೋಗಿತ್ತು. ಹಾಗಾಗಿ ಈಗ ಹೊಟ್ಟೆ ತೊಳೆಸಿದಾಗಲೆಲ್ಲ ಮಗು ಇದ್ದೇನೆ ಎಂದಂತಾಗುತ್ತಿತ್ತು.

ಮೂರು ತಿಂಗಳು ತುಂಬುತ್ತ ಬಂದಿತ್ತು. ಒಂದು ಬೆಳಗ್ಗೆ ಹಿಟ್ಟಿನ ತೊಟ್ಟಿಯ ಬಟ್ಟೆ ಸರಿಸಿದಳು. ವಾಸನೆ ಗಪ್ಪನೆ ಬಂತು, ಹೊಟ್ಟೆ ಮಾತ್ರ ಸುಮ್ಮನಿತ್ತು. ಸುಮ್ಮನಿದ್ದುದಷ್ಟೇ ಅಲ್ಲ, ಹಸಿಯಿತು. ನಿಂತಲ್ಲೇ ಬಿಸಿ ಬನ್ನಿಗೆ ಬೆಣ್ಣೆ ಸವರಿ ತಿಂದಳು. ಇನ್ನೊಂದಕ್ಕೆ ಚಾಚಿದ ಕೈ ಅಲ್ಲೇ ನಿಂತಿತು.

ಇಷ್ಟು ವರ್ಷ ಅವಳು ನಂಬಿದ್ದು ಒಂದೇ ಲೆಕ್ಕ: ಗುಳ್ಳೆ ಏಳುವುದು ನಿಂತರೆ ಹಿಟ್ಟು ಸತ್ತಿತು ಅಂತ. ಅದೇ ಲೆಕ್ಕವನ್ನು ಈಗ ತನ್ನ ಮೈಗೂ ಹಾಕಿಬಿಟ್ಟಳು.

"ವಾಂತಿ ಬರ್ಲಿಲ್ಲಣ್ಣ," ಎಂದು ಅಲ್ಲೇ ಕುಸಿದು ಕುಳಿತಳು.

"ಒಳ್ಳೇದೇ ಆಯ್ತಲ್ಲಮ್ಮ, ಮೋರಿಗೂ ಒಂದಿನ ರಜ ಬೇಡ್ವಾ?" ಎಂದವನು ಅವಳ ಮುಖ ನೋಡಿ ನಗು ನುಂಗಿಕೊಂಡ. ಕೂಡಲೇ ಅವಳ ಅತ್ತೆಗೆ ಫೋನು ಮಾಡಿದ.

ಅತ್ತೆ ಓಡೋಡಿ ಬಂದು ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಬೆಂಚಿನ ಮೇಲೆ ಕುಳಿತಾಗ ಸೊಸೆಯ ಹಿಟ್ಟು ಮೆತ್ತಿದ ಕೈ ಬಿಡಲೇ ಇಲ್ಲ. "ನಿನ್ ಗಂಡ ಹೊಟ್ಟೇಲಿದ್ದಾಗ ನಂಗೂ ಹೀಗೇ ನಿಂತೋಯ್ತು ಕಣೇ. ಆಮೇಲೆ ತಿಂದೆ ನೋಡು, ಗೋಡೆ ಒಂದು ಬಿಟ್ಟು!"

"ನಗಿಸ್ಬೇಡಿ ಅತ್ತೆ, ಅಳು ಬರುತ್ತೆ."

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. "ಮೂರು ತಿಂಗಳು ಮುಗಿಯೋ ಹೊತ್ತಿಗೆ ತುಂಬ ಜನಕ್ಕೆ ವಾಂತಿ ತಾನಾಗೇ ಕಮ್ಮಿ ಆಗುತ್ತಮ್ಮ. ಆದ್ರೂ ಹೋದ ಸಲ ಹಾಗಾಗಿದೆ, ಬಂದಿದ್ದು ಒಳ್ಳೇದು. ನೋಡೇಬಿಡೋಣ."

ಹೊಟ್ಟೆಗೆ ತಣ್ಣನೆಯ ಜೆಲ್ ಸವರಿದರು. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಕಣ್ಣು ಬಿಡಮ್ಮ. ನೀನೇ ನೋಡು."

ಪರದೆಯ ಮೇಲೆ ನಿಂಬೆಹಣ್ಣಿನಷ್ಟು ಜೀವ. ಎದೆಯ ಜಾಗದಲ್ಲಿ ಒಂದು ಚುಕ್ಕೆ ಪಟಪಟ ಮಿಡಿಯುತ್ತಿತ್ತು. ನೋಡನೋಡುತ್ತಲೇ ಅದು ಕಾಲು ಝಾಡಿಸಿತು.

"ಇಷ್ಟು ಕುಣೀತಿದೆ, ನಂಗೆ ಗೊತ್ತೇ ಆಗ್ತಿಲ್ವಲ್ಲ?"

"ಒದೆತ ಗೊತ್ತಾಗೋಕೆ ಇನ್ನೂ ಕೆಲವು ವಾರ ಬೇಕು. ಅಲ್ಲೀವರೆಗೆ ಚೆನ್ನಾಗಿ ತಿನ್ನು, ನಿದ್ದೆ ಮಾಡು. ರಕ್ತ ಕಂಡ್ರೆ, ಹೊಟ್ಟೆನೋವು ಜೋರಾದ್ರೆ ಮಾತ್ರ ತಡ ಮಾಡದೆ ಬಾ."

ಹೊರಗೆ ಬಂದವಳೇ, ಗೋಡೆಗೆ ಬಣ್ಣ ಬಳಿಯುವ ಕೆಲಸಕ್ಕೆ ಹೋಗಿದ್ದ ಗಂಡನಿಗೆ ಫೋನು ಹಚ್ಚಿದಳು. "ಏಣಿ ಇಳೀರಿ ಮೊದಲು! ಇಳಿದ್ರಾ? ಮಗು ಚೆನ್ನಾಗಿದೆ ಕಣ್ರೀ! ಒದೀತಿದೆ!"

ಸಾಲಾಗಿ ಕುಳಿತಿದ್ದ ಬಸುರಿಯರೆಲ್ಲ ತಿರುಗಿ ನೋಡಿ ನಕ್ಕರು.

"ಮೆಲ್ಲಗೆ ಮಾತಾಡೇ," ಎಂದು ಅತ್ತೆ ತೋಳು ಜಗ್ಗಿದಳು.

"ಯಾಕತ್ತೆ ಮೆಲ್ಲಗೆ? ಇಷ್ಟು ದಿನ ಉಸಿರೂ ಮೆಲ್ಲಗೇ ಬಿಟ್ಟಿದ್ದೀನಿ!" ಎಂದವಳು, ಫೋನಿನಲ್ಲಿ ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದಳು.