ಹಗೇವಿನಲ್ಲಿಟ್ಟ ಸಿನಿಮಾ

ಅಗರಖೇಡದ ಸುಂದರವ್ವನ ಗಂಡ ಅಪ್ಪಾಸಾಬ ತೆಗೆದ ಸಿನಿಮಾವನ್ನು ನೋಡಿದವರು ಬೆರಳೆಣಿಕೆಯಷ್ಟು. ನೋಡಿದ್ದೇನೆ ಎನ್ನುವವರು ಮಾತ್ರ ಇಂಡಿಯಿಂದ ಮುದ್ದೇಬಿಹಾಳದವರೆಗೂ ಸಿಗುತ್ತಾರೆ. ಸಿಂದಗಿಯವರೊಬ್ಬರು ಅದರಲ್ಲಿ ಹಾಡುಗಳೂ ಇದ್ದವೆಂದು ಆಣೆ ಮಾಡಿ ಹೇಳಿದ್ದರು. ಆ ಸಿನಿಮಾಕ್ಕೆ ದನಿಯೇ ಇರಲಿಲ್ಲ.

ಮುಟ್ಟಗೊಡದ ಬಾವಿಗೆ ಕೇರಿಯ ಹೆಂಗಸರು ಕೊಡ ಹಿಡಿದು ಇಳಿಯುತ್ತಾರೆ, ಕಥೆ ಅಷ್ಟೇ. ಸೊಲ್ಲಾಪುರದ ಗೆಳೆಯನಿಂದ ಕ್ಯಾಮೆರಾ ಎರವಲು ತಂದು ಅಪ್ಪಾಸಾಬ ಅದನ್ನು ತೆಗೆದಿದ್ದ. ಒಂದೇ ಸಲ, ಹಾಡಹಗಲೇ, ರೈತ ರೇವಪ್ಪನ ದನದ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ತೋರಿಸಿದರು. ಊರ ದೊಡ್ಡವರು ಬಂದುಬಿಟ್ಟಾರೆಂದು ಸುಂದರವ್ವ ಹೊರಗೆ ಜೋಳ ಹಸನು ಮಾಡುತ್ತ ಕಾವಲು ಕೂತಳು. ಹೀಗಾಗಿ ಸಿನಿಮಾದಲ್ಲಿ ಎಲ್ಲರಿಗಿಂತ ಮುಂದೆ ನಡೆದವಳೇ ಅದನ್ನು ನೋಡಲಿಲ್ಲ.

ಸುದ್ದಿ ಹೇಗೋ ಹೊರಬಿತ್ತು. ಹುಡುಕುವವರು ಬರುವ ಮೊದಲೇ ರೇವಪ್ಪ ರೀಲಿನ ಡಬ್ಬಿಯನ್ನು ತನ್ನ ಅಂಗಳದ ಹಗೇವಿಗೆ, ನೆಲದೊಳಗೆ ಜೋಳ ತುಂಬಿಡುವ ಆ ಹಳೆಯ ಗುಂಡಿಗೆ, ಇಳಿಸಿದ. ಜೋಳಕ್ಕೆ ಮಾಡುವ ಉಪಚಾರವನ್ನೆಲ್ಲ ಅದಕ್ಕೂ ಮಾಡಿದ. ಬೂದಿ ಹಾಕಿ, ಬೇವಿನ ಸೊಪ್ಪು ಹಾಕಿ, ಸುತ್ತ ಹೊಟ್ಟು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ.

ಮರುವರ್ಷ ಅಪ್ಪಾಸಾಬ ಲಾರಿಗೆ ಸಿಕ್ಕು ಸತ್ತ. ಮಗಳು ಪಲ್ಲವಿ ಆಗಿನ್ನೂ ಹೊಟ್ಟೆಯಲ್ಲಿದ್ದಳು. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇಲ್ಲ. ಯಾವಾಗಲೂ ಕ್ಯಾಮೆರಾದ ಹಿಂದೆಯೇ ನಿಂತ ಮನುಷ್ಯ. ಆದರೆ ಸಿನಿಮಾದ ಕೊನೆಗೆ ಅವನೇ ಬಂದು ಬೊಗಸೆಯಲ್ಲಿ ನೀರು ಕುಡಿಯುತ್ತಾನೆಂದು ರೇವಪ್ಪ ಹೇಳುತ್ತಿದ್ದ. ಅಪ್ಪನ ಮುಖ ನೋಡಬೇಕೆಂಬ ಪಲ್ಲವಿಯ ಆಸೆಯೆಲ್ಲ ಆ ಬೊಗಸೆ ನೀರಿನಲ್ಲಿತ್ತು.

ಸುಂದರವ್ವ ಅವರಿವರ ಹೊಲದಲ್ಲಿ ದುಡಿದು ಮಗಳನ್ನು ಓದಿಸಿದಳು. ಪಲ್ಲವಿ ಬಾಗೇವಾಡಿಯಲ್ಲಿ ಶಿಕ್ಷಕಿಯಾದಳು. ಹಗೇವು ತೆಗೆಸೋಣವೆಂದು ಮಗಳು ಕೇಳಿದಾಗಲೆಲ್ಲ ಸುಂದರವ್ವ, “ಇರ್ಲಿ ಬಿಡವಾ, ಒಳಗ ತಣ್ಣಗ ಅದಾನ,” ಎನ್ನುವಳು. ತೆಗೆದ ಮೇಲೆ ಅವನು ಅಲ್ಲಿಯೂ ಇಲ್ಲವಾದರೆ ಎಂಬ ಹೆದರಿಕೆ ಅವಳಿಗೆ.

ಕಳೆದ ಬೇಸಿಗೆಯಲ್ಲಿ ರೇವಪ್ಪನ ಮನೆಯವರು ಅಂಗಳಕ್ಕೆ ಕಾಂಕ್ರೀಟ್ ಹಾಕಿಸಲು ನಿಂತರು. ಮುದುಕ ರೇವಪ್ಪ ಕೋಲೂರಿಕೊಂಡು ತಾನೇ ಕೇರಿಗೆ ಬಂದ.

“ಈಗಿಲ್ಲಂದ್ರ ಮುಂದ ಎಂದೂ ಇಲ್ಲ ನೋಡ್ ಸುಂದರವ್ವ.”

ಸುಂದರವ್ವ ಎದ್ದು ಮಗಳಿಗೆ ಫೋನು ಹಚ್ಚಿಸಿದಳು.

ಕಲ್ಲು ಸರಿಸಿ ಒಂದು ದಿನ ಹಾಗೇ ಬಿಟ್ಟು, ಕೆಟ್ಟ ಗಾಳಿ ಹೋಗಿದೆಯೋ ಇಲ್ಲವೋ ಎಂದು ಕಂದೀಲು ಇಳಿಬಿಟ್ಟು ನೋಡಿ, ಆಮೇಲೆ ಆಳನ್ನು ಇಳಿಸಿದರು. ಡಬ್ಬಿ ತುಕ್ಕು ಹಿಡಿದಿತ್ತು. ಒಳಗಿನ ರೀಲು ಹಗೇವಿನ ಸೆಕೆಗೆ ಬೆಂದು, ಹುಳಿ ನಾತ ಹೊಡೆಯುತ್ತ, ಬೆಲ್ಲದ ಪೆಂಟಿಯಂತೆ ಒಂದೇ ಗಟ್ಟಿಯಾಗಿತ್ತು. ರೇವಪ್ಪ ಅದನ್ನು ಮುಟ್ಟಿ ನೋಡಿದ.

“ತಪ್ಪಾತವ್ವ. ಕಾಳು ಕಾಯ್ದಂಗ ಕಾಯ್ದೆ.”

ಪಾಪ, ಅವನಿಗೆ ಬೇರೆ ರೀತಿ ಕಾಯುವುದು ಗೊತ್ತೂ ಇರಲಿಲ್ಲ.

ಪಲ್ಲವಿ ಅಳುತ್ತಲೇ ಮೇಲಿನ ಸುತ್ತು ಬಿಡಿಸಿದಳು. ಒಂದು ಗೇಣು ಬಂತು, ಉಳಿದದ್ದು ಪುಡಿಯಾಯಿತು. ಬಿಸಿಲಿಗೆ ಹಿಡಿದು ನೋಡಿದರೆ ಅಪ್ಪನಿಲ್ಲ. ಕೊಡ ಹೊತ್ತ ಹರೆಯದ ಹೆಂಗಸೊಬ್ಬಳು, ಹುಬ್ಬು ಗಂಟಿಕ್ಕಿಯೂ ನಗು ತಡೆಯಲಾಗದೆ, ನೇರ ಎದುರಿಗೆ ನೋಡುತ್ತಿದ್ದಳು.

“ಯವ್ವಾ, ಇದು ನೀನ! ಯಾರನ್ನ ನೋಡಿ ಹಿಂಗ ನಗಾಕತ್ತೀ?”

ಸುಂದರವ್ವ ಆ ಚೂರನ್ನು ತಾನೂ ಬಿಸಿಲಿಗೆ ಹಿಡಿದು ನೋಡಿದಳು.

“ನಿಮ್ಮಪ್ಪನ್ನ,” ಎಂದಳು. “ಈಗ ನೀ ನಿಂತೀಯಲ್ಲ, ಹಿಂಗ ಎದುರಿಗೇ ನಿಂತಿದ್ದ. ನಗಬ್ಯಾಡ ಅಂತ ಬೈಯಾಕತ್ತಿದ್ದ.”