ಬಿಳಿ ಗೆರೆಯ ಹಿಂದಂಚು

ಎಮಿಲ್ ವೊಂಡ್ರಾ ಎಂಥ ಮನುಷ್ಯ ಎಂದು ನಮ್ಮೂರಲ್ಲಿ ಈಗ ಯಾರನ್ನಾದರೂ ಕೇಳಿ ನೋಡಿ, ಮೊದಲು ಬರುವುದು ಬೈಗುಳ. ಬೈಯುವವರು ಬೈದುಕೊಳ್ಳಲಿ. ಇಪ್ಪತ್ತಾರು ವರ್ಷ ಅವನ ಪಕ್ಕದಲ್ಲಿ ನಿಂತವನು ನಾನು, ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಅವನು ನೆಬ್ರಾಸ್ಕಾದ ಈ ಮೂಲೆಯಲ್ಲೇ ಹುಟ್ಟಿ, ಇಲ್ಲಿನ ಮೆಕ್ಕೆಜೋಳದ ಗೋದಾಮಿನಲ್ಲೇ ಲಾರಿಗಳ ತೂಕ ಹಾಕಿಕೊಂಡು ನಿವೃತ್ತನಾದವನು. "ನಿನ್ನ ಹೆಂಡ್ತಿ ಲಾರೀಲಿ ಕೂತಿದ್ರೂ ಕೆಳಗಿಳಿಸಿ ತೂಗ್ತೀಯಲ್ಲೋ!" ಎಂದು ರೈತರು ರೇಗಿಸುತ್ತಿದ್ದರು. "ಅವಳು ಜೋಳ ಅಲ್ವಲ್ಲ" ಎನ್ನುತ್ತಿದ್ದ. ಜೀವಮಾನದಲ್ಲಿ ಅವನು ಮಾಡಿದ ತಮಾಷೆ ಅದೊಂದೇ ಇರಬೇಕು. ಆ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು.

ಕಾಲೇಜಿನ ಅಮೆರಿಕನ್ ಫುಟ್ಬಾಲ್ ಇರುವ ಶನಿವಾರಗಳಲ್ಲಿ ನಾವು ಸರಪಳಿಯವರು. ಎರಡು ಕೋಲು, ನಡುವೆ ಹತ್ತು ಗಜದ ಸರಪಳಿ. ಹಿಂದಿನ ಕೋಲು ನನ್ನದು, ಮುಂದಿನದು ಅಂಚೆಯವನದು, ಕ್ಲಿಪ್ಪು ಎಮಿಲ್‌ನದು. ಚೆಂಡು ಕೈಯಲ್ಲಿ ಹಿಡಿದು ನುಗ್ಗುವ ತಂಡ ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಹೋಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಸರಪಳಿಯನ್ನು ಮೈದಾನದೊಳಗೆ ಒಯ್ದು ಅಳೆಯುತ್ತಾರೆ. ಒಯ್ಯುವಾಗ ಜಾಗ ತಪ್ಪಬಾರದಲ್ಲ, ಅದಕ್ಕೇ ಕ್ಲಿಪ್ಪು. ಹತ್ತಿರದ ಬಿಳಿ ಗೆರೆಯ ಹಿಂದಿನ ಅಂಚಿಗೆ ಸರಪಳಿಯ ಯಾವ ಕೊಂಡಿ ಬರುತ್ತದೋ ಆ ಕೊಂಡಿಗೆ ಅದನ್ನು ಕಚ್ಚಿಸಬೇಕು. ಮೈದಾನದೊಳಗೂ ಅದೇ ಗೆರೆಯ ಹಿಂದಿನ ಅಂಚಿಗೇ ಇಟ್ಟು ಸರಪಳಿ ಎಳೆಯುವುದು. ಗೆರೆಯ ಅಗಲ ನಾಲ್ಕು ಇಂಚು. ಇನ್ನೊಂದು ಕಟ್ಟುನಿಟ್ಟು: ಸರಪಳಿಯವರು ಯಾರ ಪರವೂ ಅಲ್ಲ. ನಮ್ಮ ಹುಡುಗರು ಗೆಲ್ಲಲಿ, ಸಾಯಲಿ, ನಾವು ಚಪ್ಪಾಳೆ ತಟ್ಟುವಂತಿಲ್ಲ.

ಈ ವರ್ಷ ಚಪ್ಪಾಳೆ ತಟ್ಟುವಂಥದ್ದೂ ಏನಿರಲಿಲ್ಲ ಬಿಡಿ. ಆಡಿದ ಒಂಬತ್ತು ಪಂದ್ಯ, ಒಂಬತ್ತೂ ಸೋಲು. ಕೋಚ್ ಡ್ವೇನ್ ಬೇರೆ ಯಾರೂ ಅಲ್ಲ, ಎಮಿಲ್‌ನ ಅಳಿಯ. ಈ ಕೆಲಸ ಸಿಕ್ಕಿದ್ದರಿಂದಲೇ ಮಗಳು ಲಿಬಿ ಮೂರು ವರ್ಷದ ಹಿಂದೆ ಊರಿಗೆ ವಾಪಸು ಬಂದು, ಅಪ್ಪನ ಮನೆಯಿಂದ ಎರಡು ಬೀದಿ ಆಚೆ ಸಂಸಾರ ಹೂಡಿದ್ದಳು. ಭಾನುವಾರದ ಊಟ ಅಪ್ಪನ ಮನೆಯಲ್ಲಿ. ಮಾಂಸ ಹಾಕಿದ ಚಿಲಿ ಸಾರು, ಜೊತೆಗೆ ದಾಲ್ಚಿನ್ನಿ ಬನ್ನು. ಮೊಮ್ಮಕ್ಕಳ ಗಲಾಟೆಗೆ ಎಮಿಲ್ "ಶ್, ಶ್" ಎನ್ನುತ್ತಿದ್ದನೇ ಹೊರತು ಅವನ ಮುಖ ಬೇರೇನೋ ಹೇಳುತ್ತಿತ್ತು. ಕೊನೆಯ ಪಂದ್ಯದ ವಾರ ಕಾಲೇಜಿನವರು ಡ್ವೇನ್‌ನನ್ನು ಕರೆದು ಖಡಾಖಂಡಿತವಾಗಿ ಹೇಳಿದರು: ಒಂದಾದರೂ ಗೆಲ್ಲು, ಇಲ್ಲವೇ ಜಾಗ ಖಾಲಿ ಮಾಡು.

ಆ ಶನಿವಾರ, ದೇವರೇ, ನಾವು ಗೆಲ್ಲುತ್ತಿದ್ದೆವು! ಒಂದೇ ಅಂಕದಿಂದ, ಆದರೂ ಗೆಲ್ಲುತ್ತಿದ್ದೆವು. ಇನ್ನು ಒಂದೂವರೆ ನಿಮಿಷ. ನಾಲ್ಕನೇ ಯತ್ನ, ಬೇಕಾದದ್ದು ಅರ್ಧ ಗಜ. ದಾಟಿದರೆ ಚೆಂಡು ನಮ್ಮ ಹತ್ತಿರವೇ ಉಳಿದು ಆಟ ಮುಗಿದ ಹಾಗೆ. ಎದುರಾಳಿ ಹತ್ತಿರ ಬರದಂತೆ ಚೆಂಡನ್ನು ದೂರ ಒದ್ದು ಕಳಿಸಬಹುದಿತ್ತು, ಡ್ವೇನ್ ಕಳಿಸಲಿಲ್ಲ. ಹುಡುಗರು ನುಗ್ಗಿದರು, ಒಬ್ಬರ ಮೇಲೊಬ್ಬರು ಬಿದ್ದರು. ರೆಫರಿ ಅಳತೆಗೆ ಕರೆದ.

ಎಮಿಲ್ ಕ್ಲಿಪ್ಪು ಹಿಡಿದು ಒಳಗೆ ನಡೆದ, ಹಿಂದಿನ ಅಂಚಿಗೆ ಇಟ್ಟ, ನಾವು ಸರಪಳಿ ಎಳೆದೆವು. ಚೆಂಡಿನ ಮೂತಿ ಎರಡು ಇಂಚು ಮುಂದಿತ್ತು. ಊರಿಗೆ ಊರೇ ಎದ್ದು ಕೂಗಿತು. ಜನರ ನಡುವೆ ಲಿಬಿ ಖುಷಿಗೆ ಅಳುತ್ತಿದ್ದುದು ನನಗೆ ಮೈದಾನದಿಂದಲೇ ಕಾಣುತ್ತಿತ್ತು.

ಸರಪಳಿ ಹೊತ್ತು ಹೊರಗೆ ಬರುವಾಗ ಎಮಿಲ್ ನಿಂತುಬಿಟ್ಟ. ಕ್ಲಿಪ್ಪನ್ನೇ ನೋಡುತ್ತಿದ್ದ.

"ಓರ್ವಿಲ್, ನಾನು ಕಚ್ಚಿಸಿದ್ದು ಮುಂದಿನ ಅಂಚಿಗೆ ಕಣೋ."

"ಏನಂದೆ?"

"ಲಿಬಿ ಕಡೆ ನೋಡ್ತಾ ಇದ್ದೆ. ಗೆರೆಯ ಮುಂದಿನ ಅಂಚಿಗೆ ಹಾಕ್ಬಿಟ್ಟೆ. ಒಳಗೆ ಹಿಂದಿನ ಅಂಚಿಗಿಟ್ಟಾಗ ಸರಪಳೀನೇ ನಾಲ್ಕಿಂಚು ಹಿಂದೆ ಸರೀತು, ಅಷ್ಟೂ ನಮಗೆ ಬಿಟ್ಟಿ ಸಿಕ್ತು."

ನಾನು ಒಳ್ಳೆಯವನೆಂದು ಹೇಳಿಕೊಳ್ಳುವುದಿಲ್ಲ. "ಬಾಯಿ ಮುಚ್ಕೊಂಡಿರು ಮಾರಾಯ" ಎಂದೆ. "ಯಾರೂ ನೋಡಿಲ್ಲ. ಮಗಳ ಮುಖ ನೋಡು ಒಂದ್ಸಲ."

ಅವನು ನೋಡಿದ. ನೋಡಿಯೇ ರೆಫರಿಯ ಹತ್ತಿರ ಹೋದ.

ಮತ್ತೆ ಅಳೆದರು. ಚೆಂಡು ಎರಡು ಇಂಚು ಹಿಂದೆ. ಎದುರಾಳಿಗೆ ಚೆಂಡು ಹೋಯಿತು, ಕೊನೆಯ ಕ್ಷಣದಲ್ಲಿ ಅವರು ಕಂಬಗಳ ನಡುವೆ ಒದ್ದು ಮೂರು ಅಂಕ ತೆಗೆದರು. ಹತ್ತಕ್ಕೆ ಹತ್ತೂ ಸೋಲು. ಜನ ನಮ್ಮ ಮೇಲೆ ಕಾಫಿ ಲೋಟ ಎಸೆದರು. "ತೂಕದ ಮುದುಕ, ಮಗಳನ್ನೂ ತೂಗಿಬಿಟ್ಯಲ್ಲೋ!" ಎಂದು ಒಬ್ಬ ಕೂಗಿದ. ಅವನ ಹಲ್ಲು ಉದುರಿಸಬೇಕು ಎನ್ನಿಸಿತು ನನಗೆ.

ಮೈದಾನ ಖಾಲಿಯಾದ ಮೇಲೆ ನಾವು ಸರಪಳಿ ಮಡಿಚುತ್ತಿದ್ದೆವು. ಡ್ವೇನ್ ಬಂದು ನಿಂತ. ಜಗಳಕ್ಕೇ ಬಂದ ಎಂದುಕೊಂಡೆ.

"ಮಾವ, ನೀವು ಕ್ಲಿಪ್ಪು ಹಾಕುವಾಗ ನಾನು ಪಕ್ಕದಲ್ಲೇ ಇದ್ದೆ" ಎಂದ. "ತಪ್ಪು ಅಂಚು ಅಂತ ಆಗಲೇ ಕಾಣಿಸ್ತು. ನಾಲ್ಕಿಂಚು ನಮ್ಮ ಕಡೆ ಇದೆ ಅಂತಲೇ ಚೆಂಡು ಒದೆಯೋದು ಬೇಡ ಅಂದೆ. ಗೊತ್ತಿದ್ದೂ ಸುಮ್ನಿದ್ದೆ."

ಎಮಿಲ್ ಸರಪಳಿಯಿಂದ ಕ್ಲಿಪ್ಪು ಬಿಚ್ಚಿ ಜೇಬಿಗೆ ಹಾಕಿಕೊಂಡ. ಆಮೇಲೆ, "ಚಳಿ ಇದೆ, ಮನೆಗೆ ಹೋಗಪ್ಪ" ಎಂದ.

ಡಿಸೆಂಬರಿನಲ್ಲಿ ಅವರು ಕ್ಯಾನ್ಸಸ್‌ಗೆ ಹೊರಟರು, ಅಲ್ಲಿ ಡ್ವೇನ್‌ಗೆ ಯಾವುದೋ ಟೈರ್ ಅಂಗಡಿಯಲ್ಲಿ ಕೆಲಸ. ಗಾಡಿಗೆ ಪೆಟ್ಟಿಗೆ ಏರಿಸಲು ನಾವಿಬ್ಬರೂ ಹೋಗಿದ್ದೆವು. ಲಿಬಿ ಅಪ್ಪನನ್ನು ಅಪ್ಪಿಕೊಳ್ಳಲಿಲ್ಲ. "ಡ್ವೇನ್ ನಿನ್ನನ್ನ ಒಂದು ಮಾತೂ ಅಂದಿಲ್ಲಪ್ಪ, ಅಂಥ ಮನುಷ್ಯ ಅವನು. ನಿನಗೆ ನಮಗಿಂತ ನಾಲ್ಕಿಂಚು ಹೆಚ್ಚಾಯ್ತು" ಎಂದಳು. ಡ್ವೇನ್ ಸ್ಟಿಯರಿಂಗ್ ಹಿಡಿದು ಎದುರಿಗೇ ನೋಡುತ್ತಿದ್ದ. ನಿಜ ಹೇಳಿಬಿಡಲು ನನ್ನ ಬಾಯಿ ತೆರೆದೇ ಹೋಗಿತ್ತು. ಎಮಿಲ್ ನನ್ನ ಮೊಣಕೈಯನ್ನು ಗಟ್ಟಿಯಾಗಿ ಅದುಮಿದ.

ಗಾಡಿ ತಿರುವು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಅವನಿಗೂ ಗೊತ್ತಿತ್ತು ಅಂತ ಹೇಳ್ಬಾರದಾಗಿತ್ತೇನೋ? ಎಲ್ಲಾ ನಿನ್ನ ತಲೆಗೇ ಕಟ್ಟಿ ಹೋದ್ಲಲ್ಲ!"

"ನನ್ನ ಜೊತೆ ಅವಳು ಬಾಳಬೇಕಾಗಿಲ್ವಲ್ಲ ಓರ್ವಿಲ್" ಎಂದ ಎಮಿಲ್. "ಅವನ ಜೊತೆ ಬಾಳಬೇಕು."